ಅರ್ಧಕ್ಕೆ ನಿಂತ ಬಾವುಟ

ಅಣ್ಣನಿಗೆ ಇವತ್ತು ಐವತ್ತು ತುಂಬಿತು ಎನ್ನುವುದಕ್ಕಿಂತ, ಐವತ್ತು ತುಂಬುವ ದಿನ ಅವನು ಬೇಕೆಂದೇ ಊರು ಬಿಟ್ಟಿದ್ದಾನೆ ಎನ್ನುವುದು ತೋರ್ಕಿಲನಿಗೆ ಹೆಚ್ಚು ಕಿರಿಕಿರಿ ಮಾಡಿತ್ತು. ಸುಮ್ಮನೆ ಹೋಗಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಆದರೆ ಪತ್ರಿಕೆಯಲ್ಲಿ ಹಾಕಿಸಿದ್ದ, ಮೂರನೆಯ ಪುಟದಲ್ಲಿ, ಚೌಕಟ್ಟಿನೊಳಗೆ: 'ನನ್ನ ಐವತ್ತನೆಯ ಹುಟ್ಟುಹಬ್ಬದಂದು ಪ್ರವಾಸದಲ್ಲಿರುತ್ತೇನೆ. ದಯವಿಟ್ಟು ಯಾವ ಸಡಗರವೂ ಬೇಡ. ವಿಗ್ಗೋ ಹೋಲ್ಮ್.' ಸಡಗರ ಬೇಡ ಎಂದು ದ್ವೀಪಕ್ಕೆಲ್ಲ ಸಾರಿಸುವುದಕ್ಕಿಂತ ದೊಡ್ಡ ಸಡಗರ ಇನ್ನೇನಿದೆ ಎಂದು ತೋರ್ಕಿಲ್ ಕಾಫಿ ಲೋಟದೊಳಕ್ಕೇ ಕೇಳಿದ. ಎದುರಿಗೆ ಕೂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಹೆಂಡತಿ ಎಲಿನೋರ್ ತಲೆ ಎತ್ತಲಿಲ್ಲ. "ನಿನಗೆ ಐವತ್ತಾದಾಗ ನೀನೂ ಹಾಕ್ಸು. 'ನಾನು ಮನೇಲೇ ಇರ್ತೀನಿ, ಯಾರೂ ಬರಬೇಡಿ' ಅಂತ," ಎಂದಳು. ಆಮೇಲೆ ಚಾಕುವನ್ನು ತಟ್ಟೆಯ ಮೇಲಿಟ್ಟು, "ಇವತ್ತು ಗುರುವಾರ," ಎಂದಳು. ಗುರುವಾರ ಎಂಬುದು ಅವನಿಗೂ ಗೊತ್ತಿತ್ತು. ಶನಿವಾರಕ್ಕೆ ಇನ್ನೆರಡು ದಿನ ಎಂಬುದೂ ಗೊತ್ತಿತ್ತು.

ಜುಲೈ ಬಂತೆಂದರೆ ಅವನು ಕೆಲಸ ಮಾಡುವ ಕಿಟಕಿ ಕಾರ್ಖಾನೆ ಮೂರು ವಾರ ಬಾಗಿಲು ಹಾಕುತ್ತದೆ. ಊರಿನ ಉಳಿದವರೆಲ್ಲ ಅದೇ ಮೂರು ವಾರದಲ್ಲಿ ಕಾರಿನ ತಲೆಯ ಮೇಲೆ ಗಂಟುಮೂಟೆ ಕಟ್ಟಿಕೊಂಡು ದಕ್ಷಿಣಕ್ಕೆ ಓಡುತ್ತಾರೆ. ಮೀನಿನ ಅಂಗಡಿ ಬಂದ್, ಕ್ಷೌರದಂಗಡಿ ಬಂದ್, ಪಾದ್ರಿಯೂ ರಜೆ, ಸಾಯುವವರು ಆಗಸ್ಟಿನವರೆಗೆ ತಡೆದುಕೊಳ್ಳಬೇಕು. ಇಂಥ ಊರಿನಲ್ಲಿ ಉಳಿಯುವುದೇ ನಿಜವಾದ ರಜೆ ಎಂಬ ಸಿದ್ಧಾಂತವನ್ನು ತೋರ್ಕಿಲ್ ಹನ್ನೊಂದು ವರ್ಷದಿಂದ ನಡೆಸಿಕೊಂಡು ಬಂದಿದ್ದ. ನಮ್ಮ ಬೇಸಿಗೆಯಂಥ ಬೇಸಿಗೆ ಯಾವ ದೇಶದಲ್ಲೂ ಇಲ್ಲ, ಬೆಳಕು ರಾತ್ರಿ ಹತ್ತು ಗಂಟೆಯವರೆಗೂ ಇರುತ್ತದೆ, ನಮ್ಮದೇ ಆಲೂಗಡ್ಡೆ, ನಮ್ಮದೇ ಹಾಸಿಗೆ. ಈ ಸಲ ಶುರುವಾದ ಮಳೆ ಒಂಬತ್ತು ದಿನ ಬಿಡಲಿಲ್ಲ. ಅವನು ಎರಡು ಸೇಬಿನ ಮರಗಳ ನಡುವೆ ಕಟ್ಟಿದ ತೂಗುಹಾಸಿಗೆಯಲ್ಲಿ ಬೊಗಸೆ ಬೊಗಸೆ ನೀರು ನಿಂತಿತು. ಹದಿನಾರು ವರ್ಷದ ಮಗಳು ಸಿಸೆಲ್ ಬೆಳಿಗ್ಗೆ ಎದ್ದು ಚೆರ್ರಿ ತೋಟಕ್ಕೆ ಹಣ್ಣು ಕೀಳಲು ಹೋಗುತ್ತಿದ್ದಳು, ಬಂದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಊಟದ ಮೇಜಿನಲ್ಲಿ ಉಪ್ಪು ಕೊಡು ಎನ್ನುವಷ್ಟು ಮಾತ್ರ ಮಾತು. ಫ್ರಿಜ್ಜಿನ ಬಾಗಿಲ ಮೇಲೆ ವಿಗ್ಗೋನ ಕಾರ್ಡುಗಳು ಸಾಲಾಗಿ ಕೂತಿದ್ದವು, ಎಲ್ಲ ಪೋರ್ಚುಗಲ್ಲಿನಿಂದ, ಎಲ್ಲದರಲ್ಲೂ ಒಂದೇ ಒಕ್ಕಣೆ: 'ಮೂವತ್ನಾಲ್ಕು ಡಿಗ್ರಿ. ಮೀನು ಅಗ್ಗ. ವಿಗ್ಗೋ.' ಹಾಲು ತೆಗೆದುಕೊಳ್ಳಲು ಹೋದಾಗಲೆಲ್ಲ ಅಣ್ಣ ಡಿಗ್ರಿ ಹೇಳುತ್ತಿದ್ದ.

ಒಂದು ಕಾರ್ಡು ಮಾತ್ರ ಫ್ರಿಜ್ಜಿನ ಮೇಲೆ ಇರಲಿಲ್ಲ. ಅದು ಎಲಿನೋರಳ ಅಡುಗೆ ಪುಸ್ತಕದೊಳಗಿತ್ತು. ಕಳೆದ ಸೋಮವಾರ ಬಂದದ್ದು, ವಿಗ್ಗೋನ ಹೆಂಡತಿ ಲಿಸ್ಬೆತ್ ತನ್ನ ಮಗಳ ಬಗ್ಗೆ ಬರೆದದ್ದು: 'ಸಿಸೆಲ್ ಬರೋದಿಲ್ಲ ಅಂದದ್ದಕ್ಕೆ ನಮ್ಮ ಪೆರ್ನಿಲ ಇನ್ನೂ ಮುಖ ಊದಿಸಿಕೊಂಡೇ ಇದ್ದಾಳೆ. ಈ ಸಮುದ್ರ ನೋಡಿದ್ದರೆ ಸಿಸೆಲ್ ಮನಸ್ಸು ಬದಲಾಯಿಸ್ತಿದ್ದಳು.' ಎಲಿನೋರ್ ಅದನ್ನು ಮೂರು ಸಲ ಓದಿ, ಹಿತ್ತಿಲಿಗೆ ಬಂದು, ತೂಗುಹಾಸಿಗೆಯ ನೀರು ಹಿಂಡುತ್ತಿದ್ದ ಗಂಡನ ಮುಂದೆ ಹಿಡಿದಿದ್ದಳು. "ಸಿಸೆಲ್ ಯಾವಾಗ ಬರೋದಿಲ್ಲ ಅಂದ್ಳು? ಅವಳನ್ನ ಯಾರು ಕರೆದ್ರು?" ಅವನು ಹೇಳಬೇಕಾಯಿತು. ಮೇ ತಿಂಗಳ ಒಂದು ಭಾನುವಾರ, ವಿಗ್ಗೋನ ಮನೆಯ ಹಿಂದೆ, ಕೆಂಡದ ಮೇಲೆ ಸಾಸೇಜು ಹೊರಳಿಸುತ್ತ ವಿಗ್ಗೋ ಅಂದಿದ್ದ: "ಸಿಸೆಲ್‌ನೂ ಕರ್ಕೊಂಡು ಹೋಗ್ತೀವಿ ಕಣೋ. ಪೆರ್ನಿಲಗೆ ಜೊತೆ ಆಗುತ್ತೆ, ಅವಳೇ ಕೇಳಿದ್ದು. ಪಾಪ, ಆ ಮಗೂನೂ ಒಂಚೂರು ಬಿಸಿಲು ನೋಡ್ಲಿ." ಮಗಳನ್ನು ಕೇಳಿ ಹೇಳುತ್ತೇನೆ ಎಂದು ಬಂದವನು ಮಗಳನ್ನು ಕೇಳಲಿಲ್ಲ. ಮೂರು ದಿನ ಬಿಟ್ಟು ಫೋನು ಮಾಡಿ, ಅವಳಿಗೆ ಇಷ್ಟವಿಲ್ಲವಂತೆ ಎಂದ. ಎಲಿನೋರ್ ಎಲ್ಲ ಕೇಳಿ ಕೂಗಾಡಲಿಲ್ಲ. ಕೂಗಾಡಿದ್ದರೆ ಅವನೂ ಕೂಗಾಡಬಹುದಿತ್ತು. "ಶನಿವಾರದೊಳಗೆ ನೀನು ಅವಳಿಗೆ ಹೇಳು. ಇಲ್ಲಾಂದ್ರೆ ನಾನು ಹೇಳ್ತೀನಿ. ನಾನು ಹೇಳಿದ್ರೆ ಚೆನ್ನಾಗಿರಲ್ಲ," ಎಂದು ಒಳಗೆ ಹೋದಳು. ಅವನು ಅವಳಿಗೂ ಪೂರ್ತಿ ಹೇಳಿರಲಿಲ್ಲ. ಯಾಕೆ ಇಷ್ಟವಿಲ್ಲವಂತೆ ಎಂದು ಅವತ್ತು ಫೋನಿನಲ್ಲಿ ವಿಗ್ಗೋ ಕೇಳಿದ್ದ, ತೋರ್ಕಿಲ್ ಒಂದು ಕಾರಣವನ್ನೂ ಕೊಟ್ಟಿದ್ದ. ಆ ಕಾರಣ ನೆನಪಾದಾಗಲೆಲ್ಲ ಅವನ ಕಿವಿಯ ತುದಿ ಬಿಸಿಯಾಗುತ್ತಿತ್ತು.

ಎಂಟು ಗಂಟೆಗೆ ಸರಿಯಾಗಿ ಅಣ್ಣನ ಬಾವುಟ ಏರಬೇಕಿತ್ತು. ಹೋಗುವ ಮುಂಚೆ ವಿಗ್ಗೋ ಹೇಳಿಹೋಗಿದ್ದ: ಟೊಮೆಟೊಗೆ ನೀರು, ವಾರಕ್ಕೊಮ್ಮೆ ಹುಲ್ಲು, ಹದಿನೆಂಟನೇ ತಾರೀಕು ಬಾವುಟ. "ಸಡಗರ ಬೇಡ ಅಂತ ಪೇಪರ್ನಲ್ಲಿ ಹಾಕ್ಸಿದ್ದೀಯಲ್ಲ?" "ಬಾವುಟ ಸಡಗರ ಅಲ್ಲಪ್ಪ, ಬಾವುಟ ಬಾವುಟ. ಬೀದಿಯವರು ಏನಂದ್ಕೋತಾರೆ?" ಹುಟ್ಟುಹಬ್ಬದ ದಿನ ಕಂಬ ಬರಿದಾಗಿದ್ದರೆ ಬೀದಿಯವರು ಏನೋ ಅಂದುಕೊಳ್ಳುತ್ತಾರೆ ಎಂಬುದು ತೋರ್ಕಿಲನಿಗೂ ಒಪ್ಪಿಗೆಯಿತ್ತು, ಅದಕ್ಕೇ ಅವನು ಹೆಚ್ಚು ಮಾತಾಡಿರಲಿಲ್ಲ. ಸೈಕಲ್ ತುಳಿದುಕೊಂಡು ಹೋದ. ಮಳೆ ನಿಂತಿತ್ತು. ಲೆರ್ಕೆ ಬೀದಿಯ ಮನೆಗಳೆಲ್ಲ ಹಳದಿ ಇಟ್ಟಿಗೆಯವು, ಎಲ್ಲದರ ಮುಂದೂ ಬಿಳಿ ಕಂಬ, ಅದರಲ್ಲಿ ವಿಗ್ಗೋನದು ಎಲ್ಲರಿಗಿಂತ ಒಂದು ಮೀಟರ್ ಎತ್ತರ. ಸ್ನಾನದಮನೆಯ ಟೈಲ್ಸು ಮಾರುವವನಿಗೆ ಅಷ್ಟು ಎತ್ತರದ ಕಂಬ ಯಾಕೆ ಎಂದು ತೋರ್ಕಿಲ್ ಒಮ್ಮೆ ಎಲಿನೋರಳನ್ನು ಕೇಳಿದ್ದ, ಅವಳು, ನಿನಗೆ ಕಾಣಲಿ ಅಂತ ಎಂದಿದ್ದಳು.

ಕಳೆದ ವಾರ ಹುಲ್ಲು ಕತ್ತರಿಸುವಾಗ ಒಂದು ಚಿಕ್ಕ ಅನಾಹುತವಾಗಿತ್ತು. ವಿಗ್ಗೋನ ಹುಲ್ಲಿನ ಯಂತ್ರ ಕೂತು ಓಡಿಸುವಂಥದು, ಪುಟ್ಟ ಟ್ರ್ಯಾಕ್ಟರು. ಅದರ ಮೇಲೆ ಕೂತು ತೋರ್ಕಿಲ್, ಬೇಕಾದ್ದಕ್ಕಿಂತ ನಾಲ್ಕು ಸುತ್ತು ಹೆಚ್ಚಿಗೆ, ಬೀದಿಯಲ್ಲಿ ಹೋಗುವವರಿಗೆ ತಲೆಯಾಡಿಸುತ್ತ ಓಡಿಸಿದ್ದ. ಕಂಬದಿಂದ ಸಡಿಲವಾಗಿ ಹುಲ್ಲಿನ ಮೇಲೆ ಬಿದ್ದಿದ್ದ ಹಗ್ಗ ಕಾಣಲಿಲ್ಲ. ಯಂತ್ರ ಒಮ್ಮೆ ಕೆಮ್ಮಿತು, ಹಗ್ಗ ಎರಡಾಯಿತು. ಹೊಸ ಹಗ್ಗ ತರೋಣವೆಂದರೆ ಅಂಗಡಿಯವನು ಸ್ಪೇನಿನಲ್ಲಿದ್ದ. ಒಂದು ಗಂಟು ಹಾಕಿದ, ನಂಬಿಕೆ ಬರಲಿಲ್ಲ, ಅದರ ಮೇಲೆ ಇನ್ನೊಂದು ಹಾಕಿದ. ಈಗ, ಎಂಟು ಗಂಟೆಗೆ, ನೆಲಕ್ಕೆ ತಾಗದ ಹಾಗೆ ಬಾವುಟವನ್ನು ಕಂಕುಳಲ್ಲಿ ಹಿಡಿದು ಕೊಂಡಿ ಸಿಕ್ಕಿಸಿ ಎಳೆಯತೊಡಗಿದಾಗ ಆ ಗಂಟು ನೆನಪಿಗೆ ಬಂದದ್ದು ಅದು ತುದಿಯ ರಾಟೆಯೊಳಕ್ಕೆ ಹೊಕ್ಕು ನಿಂತ ಮೇಲೆಯೇ. ಕೆಂಪು ಬಟ್ಟೆ, ಬಿಳಿ ಶಿಲುಬೆ, ಕಂಬದ ನಟ್ಟನಡುವೆ. ಮೇಲಕ್ಕೆ ಎಳೆದ, ಬರಲಿಲ್ಲ. ಸಿಟ್ಟಿನಿಂದ ಇಡೀ ಮೈ ಭಾರ ಹಾಕಿ ಜೋತುಬಿದ್ದ. ಗಂಟು ಇನ್ನೂ ಒಳಗೆ ಹೊಕ್ಕಿತು. ಈಗ ಕೆಳಕ್ಕೂ ಬರಲಿಲ್ಲ. ಇರಲಿ, ಸಾಯಲಿ, ಏಣಿ ತರೋಣ, ಅದಕ್ಕೆ ಮುಂಚೆ ಒಂದು ಕಾಫಿ ಕುಡಿಯೋಣ ಎಂದುಕೊಂಡು ಸೈಕಲ್ ಹತ್ತಿದ. ಅರ್ಧಕ್ಕೆ ನಿಂತ ಬಾವುಟವೆಂದರೆ ಆ ಮನೆಯಲ್ಲಿ ಸಾವು ಎಂಬುದು ಈ ದೇಶದಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಅದು ತೋರ್ಕಿಲನಿಗೆ ಹೊಳೆಯದೆ ಹೋದದ್ದು ಯಾಕೆಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದಾನೆ. ಹೊಳೆದಿತ್ತೋ ಏನೋ. ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿದ್ದಂತೂ ನಿಜ.

ಏಣಿಯನ್ನು ಹೆಗಲ ಮೇಲೆ ಹೊತ್ತು ನಡೆದುಕೊಂಡು ವಾಪಸು ಬಂದಾಗ ಹತ್ತು ದಾಟಿತ್ತು. ಲೆರ್ಕೆ ಬೀದಿಯ ಮೂಲೆಯಲ್ಲೇ ಕಾಲು ನಿಂತಿತು. ಮೂಲೆಮನೆಯ ಬಾವುಟ ಅರ್ಧಕ್ಕೆ. ಅದರಾಚೆಯದು ಅರ್ಧಕ್ಕೆ. ಎದುರು ಸಾಲಿನಲ್ಲಿ ಎರಡು. ವಿಗ್ಗೋನ ಪಕ್ಕದ ಮನೆಯಲ್ಲಿ, ನಿವೃತ್ತ ಪೋಸ್ಟ್‌ಮಾಸ್ಟರ್ ಬ್ರೋಗೋರರದು, ಅಳತೆಪಟ್ಟಿ ಹಿಡಿದು ನಿಲ್ಲಿಸಿದಷ್ಟು ಕರಾರುವಾಕ್ಕಾಗಿ ಅರ್ಧಕ್ಕೆ. ರಜೆಗೆ ಹೋಗದೆ ಉಳಿದಿದ್ದ ಮುದುಕರೆಲ್ಲ ಬಾವುಟ ಹುಡುಕಿ ತೆಗೆದಿದ್ದರು. ಬ್ರೋಗೋರರ ಅಂಗಳದಲ್ಲಿ ಮೇಜು ಹಾಕಿತ್ತು, ಕಾಫಿ ಇತ್ತು, ಎದುರುಮನೆಯ ವಿಧವೆ ದಾಗ್ನಿ ಕೆನೆಯ ಕೇಕು ತಂದಿದ್ದಳು. ಬ್ರೋಗೋರರು ಅವನನ್ನು ಕಂಡದ್ದೇ ಎದ್ದು ಟೋಪಿ ತೆಗೆದರು. ಹನ್ನೊಂದು ವರ್ಷದಲ್ಲಿ ಅವರು ಅವನಿಗಾಗಿ ಟೋಪಿ ತೆಗೆದದ್ದು ಇದೇ ಮೊದಲು. ಅವರ ಬಾಯಲ್ಲಿ ಅವನು ಯಾವಾಗಲೂ 'ವಿಗ್ಗೋನ ತಮ್ಮ'. ಈಗ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟು, "ತೋರ್ಕಿಲ್," ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ವಿಗ್ಗೋನಾ?"

ಹಗ್ಗ ಸಿಕ್ಕಿಕೊಂಡಿದೆ. ಎರಡು ಪದ. ನಾಲಿಗೆಯ ತುದಿಗೆ ಬಂದು ಕೂತಿದ್ದವು. ಆದರೆ ಆ ಕೈ ಇನ್ನೂ ಹೆಗಲ ಮೇಲಿತ್ತು. ಬಿಸಿಯಾಗಿತ್ತು, ಭಾರವಾಗಿತ್ತು, ತೆಗೆಯುವ ಅವಸರದಲ್ಲಿ ಇರಲಿಲ್ಲ. ಕೊನೆಯ ಸಲ ಯಾರು ಹೀಗೆ ಕೈಯಿಟ್ಟಿದ್ದರು ಎಂದು ಯೋಚಿಸಿದ, ಕಾರ್ಖಾನೆಯ ಫೋರ್ಮನ್ ನೆನಪಾದ, ಅವನು ಕೈಯಿಟ್ಟದ್ದು ಪಕ್ಕಕ್ಕೆ ಸರಿಸಲು. "ಇನ್ನೂ ಸರಿಯಾಗಿ ಏನೂ ಗೊತ್ತಿಲ್ಲ," ಎಂದು ತೋರ್ಕಿಲ್ ಹೇಳಿದ. ಹೇಳಿದ ಮೇಲೆ ಕೇಳಿಸಿಕೊಂಡ. ಸುಳ್ಳೇನಲ್ಲ, ನಿಜಕ್ಕೂ ಅವನಿಗೆ ಸರಿಯಾಗಿ ಏನೂ ಗೊತ್ತಿರಲಿಲ್ಲ ಎಂದು ಸಮಾಧಾನ ಮಾಡಿಕೊಂಡ. ಅವನನ್ನು ಕೂರಿಸಿದರು. ಏಣಿಯನ್ನು ಬ್ರೋಗೋರರೇ ಇಳಿಸಿಕೊಂಡು ಗೋಡೆಗೆ ಒರಗಿಸಿದರು. ದುಃಖದಲ್ಲಿರುವವನು ಏಣಿ ಯಾಕೆ ಹೊತ್ತು ತಂದ ಎಂದು ಯಾರೂ ಕೇಳಲಿಲ್ಲ.

"ಕಾರಾ?" ಎಂದಳು ದಾಗ್ನಿ, ಅವನ ತಟ್ಟೆಗೆ ದೊಡ್ಡ ತುಂಡು ಹಾಕುತ್ತ. "ಆ ಕಡೆ ಹುಚ್ಚರ ಥರ ಓಡಿಸ್ತಾರಂತೆ."

"ಕಾರಲ್ಲ," ಎಂದರು ಬ್ರೋಗೋರರು. "ಹಾರ್ಟು. ಆ ಮೈಗೆ ಆ ಬಿಸಿಲು. ನಾನು ಹೋಗೋಕೆ ಮುಂಚೇನೇ ಹೇಳಿದ್ದೆ."

"ಹುಟ್ಟಿದ ದಿನಾನೇ ಹೋದ್ರು ನೋಡಿ. ಐವತ್ತು ಅಂದ್ರೆ ಐವತ್ತು. ಒಂದು ದಿನ ಹೆಚ್ಚಿಲ್ಲ, ಕಡಿಮೆ ಇಲ್ಲ."

"ಲೆಕ್ಕದ ಮನುಷ್ಯ."

ಹೀಗೆ ಐದು ನಿಮಿಷದಲ್ಲಿ ಅವರಿಬ್ಬರೇ ಸೇರಿ ವಿಗ್ಗೋನನ್ನು ಸಾಯಿಸಿ ಮುಗಿಸಿದರು. ತೋರ್ಕಿಲ್ ಮಾಡಬೇಕಾದ್ದು ಏನೂ ಇರಲಿಲ್ಲ, ಕೇಕು ತಿಂದ. ಕೇಕು ಚೆನ್ನಾಗಿತ್ತು. ಎರಡನೆಯ ಲೋಟ ಕಾಫಿ ಹೊತ್ತಿಗೆ ಸತ್ತವನ ಗುಣಗಾನ ತೆಳ್ಳಗಾಗುತ್ತ ಬಂತು. ಒಳ್ಳೆಯ ಮನುಷ್ಯ ಎಂದಳು ದಾಗ್ನಿ. ಗದ್ದಲದ ಮನುಷ್ಯ, ಆದರೆ ಒಳ್ಳೆಯವನು ಎಂದಳು. ಆಮೇಲೆ, "ಆ ಕಾರಂಜಿ ಇಟ್ಟಿದ್ದ ನೋಡಿ, ಹಗಲೂ ರಾತ್ರಿ ಸೊರಸೊರ ಅಂತ. ಮಲಗಿದ್ರೆ ನನಗೆ ಎದ್ದು ಎದ್ದು ಹೋಗಬೇಕು ಅನ್ಸೋದು. ಹೋದವರ ಬಗ್ಗೆ ಹೀಗೆಲ್ಲ ಅನ್ನಬಾರದು," ಎಂದಳು. ಬ್ರೋಗೋರರು ಬೇಲಿಯ ವಿಷಯ ತೆಗೆದರು. ಬೇಲಿಗಿಡ ಹದಿನೆಂಟು ಸೆಂಟಿಮೀಟರ್ ಇತ್ತ ಬಂದಿದೆ, ತಾವೇ ಅಳೆದಿದ್ದಾರೆ, ಇನ್ನು ಆ ವಿಷಯ ಯಾರ ಹತ್ತಿರ ಮಾತಾಡುವುದು? ತೋರ್ಕಿಲ್ ಗಂಭೀರವಾಗಿ ತಲೆಯಾಡಿಸಿದ. ಒಳಗೆ ಅವನಿಗೆ ನಾಚಿಕೆಯಿಲ್ಲದ ಖುಷಿಯಾಗುತ್ತಿತ್ತು. ಇಷ್ಟು ವರ್ಷ ತಾನೊಬ್ಬನೇ ಅಂದುಕೊಂಡಿದ್ದೆ, ಇಡೀ ಬೀದಿಗೆ ಇವನು ಬೇಡವಾಗಿದ್ದಾನೆ. ಮರುಕ್ಷಣಕ್ಕೇ, ಯಾವ ಸೂಚನೆಯೂ ಇಲ್ಲದೆ, ಒಂಬತ್ತು ವರ್ಷದ ವಿಗ್ಗೋ ಹೆಪ್ಪುಗಟ್ಟಿದ ಹಳ್ಳದ ಮೇಲೆ ಹೊಟ್ಟೆಯ ಮೇಲೆ ತೆವಳಿಕೊಂಡು ಬರುತ್ತಿದ್ದ, ಬಿರುಕಿನಲ್ಲಿ ಸೊಂಟದವರೆಗೆ ಇಳಿದಿದ್ದ ಐದು ವರ್ಷದ ತಮ್ಮನ ಕಡೆ ತನ್ನ ಉಣ್ಣೆಯ ಶಾಲು ಎಸೆಯುತ್ತ, "ಬಾಯಲ್ಲಿ ಕಚ್ಕೊಳ್ಳೋ ಕತ್ತೆ, ಬಾಯಲ್ಲಿ ಕಚ್ಕೊ," ಎಂದು ಅಳುತ್ತಿದ್ದ. ಆ ಶಾಲಿನ ರುಚಿ ಈಗ ಕೆನೆಯ ಜೊತೆ ಬಾಯಿಗೆ ಬಂತು. ವಿಗ್ಗೋ ಎಲ್ಲೋ ಒಂದು ಬಿಳಿ ಹಾಸಿಗೆಯ ಮೇಲೆ, ಮುಖದ ಮೇಲೆ ಕಪ್ಪು ಕನ್ನಡಕದ ಗುರುತಿನೊಂದಿಗೆ, ಸುಮ್ಮನೆ ಮಲಗಿರುವುದು ಕಂಡಿತು. ತೋರ್ಕಿಲನಿಗೆ ನಿಜವಾಗಿಯೂ ಅಳು ಬಂತು. ಪೋರ್ಚುಗಲ್ಲಿನಲ್ಲಿ ಈ ಹೊತ್ತಿಗೆ ಬೆಳಗಿನ ತಿಂಡಿಗೆ ಕೂತಿರಬಹುದಾದ ಅಣ್ಣನಿಗಾಗಿ ಅವನು ಬಿಕ್ಕಿ ಬಿಕ್ಕಿ ಅತ್ತ. ದಾಗ್ನಿ ತನ್ನ ಕರವಸ್ತ್ರ ಕೊಟ್ಟಳು.

"ಹೋಟೆಲಿಗೆ ಫೋನ್ ಮಾಡಿದ್ರಾ?" ಎಂದು ಬ್ರೋಗೋರರು ಕೇಳಿದರು. "ಸರಿಯಾಗಿ ಗೊತ್ತಾಗಬೇಕಲ್ಲ. ನಂಬರು ನನ್ನ ಹತ್ರ ಇದೆ."

"ನಿಮ್ಮ ಹತ್ರ?"

"ವಿಗ್ಗೋನೇ ಬರೆದುಕೊಟ್ಟು ಹೋಗಿದ್ದ. ಮನೆ ಕಡೆ ಏನಾದ್ರೂ ಆದ್ರೆ ಅಂತ. ಯಾಕೆ, ನಿಮಗೆ ಕೊಟ್ಟಿಲ್ವಾ?"

ಅಳು ನಿಂತಿತು. ಟೊಮೆಟೊಗೆ ನೀರು ಹಾಕಲು ತಮ್ಮ, ಬಾವುಟ ಏರಿಸಲು ತಮ್ಮ, ಏನಾದರೂ ಆದರೆ ತಿಳಿಸಲು ಬೇಲಿ ಜಗಳದ ಪಕ್ಕದಮನೆಯವನು. ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡು, "ಆಮೇಲೆ ಮಾಡ್ತೀನಿ," ಎಂದ. ಬ್ರೋಗೋರರು ಆಗಲೇ ಎದ್ದಿದ್ದರು. ಅವರದು ಪೋಸ್ಟಾಫೀಸಿನ ಮೈ, ಬಂದದ್ದನ್ನು ತಲುಪಿಸದೆ ಕೂರಲಾಗುವುದಿಲ್ಲ. "ನೀವು ಕೂತಿರಿ, ನಾನೇ ಮಾಡ್ತೀನಿ. ಇಂಥ ಹೊತ್ತಲ್ಲಿ ಮನೆಯವರಿಗೆ ಮಾತು ಬರಲ್ಲ." ಅವರ ತೋಳು ಹಿಡಿಯಬೇಕೆಂದು ತೋರ್ಕಿಲ್ ಕೈಚಾಚಿದ್ದ, ಅಷ್ಟರಲ್ಲಿ ಬೀದಿಯಲ್ಲಿ ಸೈಕಲ್ಲು ಬಿದ್ದ ಸದ್ದಾಯಿತು.

ಸಿಸೆಲ್. ತೋಟದಿಂದ ಬೇಗ ಬಿಟ್ಟಿದ್ದರು, ಕೈ ಮೊಣಕೈಯವರೆಗೆ ಚೆರ್ರಿಯಿಂದ ಕೆಂಪಾಗಿತ್ತು. ಅವಳು ಬಿದ್ದ ಸೈಕಲ್ಲನ್ನು ನೋಡಲಿಲ್ಲ. ಬೀದಿಯುದ್ದಕ್ಕೂ ಬಾವುಟಗಳನ್ನು ಎಣಿಸಿಕೊಂಡು ಬಂದಿದ್ದಾಳೆಂಬುದು ಮುಖದಲ್ಲೇ ಕಾಣುತ್ತಿತ್ತು. ದೊಡ್ಡಪ್ಪನ ಕಂಬ ನೋಡಿದಳು, ಮೇಜು ನೋಡಿದಳು, ಅಪ್ಪನ ಕೆಂಪಾದ ಕಣ್ಣು ನೋಡಿದಳು. "ಯಾರು?" ಎಂದಳು. "ಪೆರ್ನಿಲನಾ?" ದನಿ ಅರ್ಧದಲ್ಲೇ ಒಡೆಯಿತು. "ಅಪ್ಪಾ, ಪೆರ್ನಿಲನಾ?" ತೋರ್ಕಿಲ್ ಎದ್ದು ನಿಂತ. ಅವಳ ಮುಖ ಅವಳು ಚಿಕ್ಕವಳಿದ್ದಾಗ ಜ್ವರ ಬಂದರೆ ಹೇಗಾಗುತ್ತಿತ್ತೋ ಹಾಗಾಗಿತ್ತು.

"ಯಾರೂ ಇಲ್ಲ. ಯಾರೂ ಸತ್ತಿಲ್ಲ. ಗಂಟು."

"ಏನು?"

"ಹಗ್ಗದ ಗಂಟು. ರಾಟೇಲಿ ಸಿಕ್ಕಿಕೊಂಡಿದೆ. ಎಲ್ಲ ಚೆನ್ನಾಗಿದ್ದಾರೆ. ಅದಕ್ಕೇ ಏಣಿ ತಂದಿದ್ದೆ."

ಬ್ರೋಗೋರರು ಟೋಪಿಯನ್ನು ಮೇಜಿನಿಂದ ತೆಗೆದು ತಲೆಯ ಮೇಲಿಟ್ಟುಕೊಂಡರು. "ಮೊದಲು ತುದಿಯವರೆಗೂ ಏರಿಸಿ ಆಮೇಲೆ ಅರ್ಧಕ್ಕೆ ಇಳಿಸಬೇಕು, ಅದು ಕ್ರಮ," ಎಂದರು. "ಬೆಳಿಗ್ಗೆ ನೋಡ್ತಾನೇ ಇದ್ದೆ, ನೀವು ತುದಿಗೆ ಏರಿಸಲಿಲ್ಲ. ದುಃಖದಲ್ಲಿ ಮರೆತಿರಿ ಅಂದ್ಕೊಂಡೆ." ದಾಗ್ನಿ ಬಾಯಿಯವರೆಗೂ ತಂದಿದ್ದ ಚಮಚವನ್ನು ಒಂದು ಗಳಿಗೆ ನಿಲ್ಲಿಸಿ, ಆಮೇಲೆ ಬಾಯಿಗೆ ಹಾಕಿಕೊಂಡಳು. ಸಿಸೆಲ್ ಹುಲ್ಲಿನ ಮೇಲೆ ದೊಪ್ಪನೆ ಕೂತಳು. ಕೆಂಪು ಕೈಯಿಂದ ಮುಖ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ, ಎರಡೂ ಇತ್ತು. "ನಾನು ಅವಳು ಮುಳುಗಿ ಹೋಗ್ಲಿ ಅಂದ್ಕೊಂಡಿದ್ದೆ ಅಪ್ಪಾ," ಎಂದಳು. "ನಿಜವಾಗ್ಲೂ. ಹಣ್ಣು ಕೀಳ್ತಾ ಕೀಳ್ತಾ ದಿನಾ ಅಂದ್ಕೋತಿದ್ದೆ. ಚಿಕ್ಕಂದಿನಿಂದ ಜೊತೆಗಿದ್ದು ಬಾಯ್ಮಾತಿಗೂ ಬರ್ತೀಯಾ ಅಂತ ಕೇಳಲಿಲ್ಲ ಅಂತ. ಒಂದು ಕಾರ್ಡೂ ಬರೀಲಿಲ್ಲ ಅಂತ. ಈಗ ಬಾವುಟ ನೋಡಿ, ನಾನೇ ಸಾಯಿಸಿಬಿಟ್ಟೆ ಅಂದ್ಕೊಂಡೆ."

ಸುಮ್ಮನಿರಬಹುದಿತ್ತು. ಶನಿವಾರಕ್ಕೆ ಇನ್ನೆರಡು ದಿನವಿತ್ತು. ಏಣಿ ಹತ್ತಿ ಗಂಟು ಬಿಡಿಸಿ ಮಗಳನ್ನು ಐಸ್‌ಕ್ರೀಮಿಗೆ ಕರೆದುಕೊಂಡು ಹೋಗಬಹುದಿತ್ತು. ಆದರೆ ಅವಳು ಮುಖದಿಂದ ಕೈ ತೆಗೆದಳು, ಕೆನ್ನೆಯ ಮೇಲೆ ಚೆರ್ರಿಯ ಬೆರಳುಗಳು ಮೂಡಿದ್ದವು, ಕ್ಷಮೆ ಕೇಳುವವಳ ಹಾಗೆ ಅವನನ್ನು ನೋಡುತ್ತಿದ್ದಳು. ತಪ್ಪು ಮಾಡಿದವಳ ಹಾಗೆ, ಅವನನ್ನು. ಅದನ್ನು ನೋಡಿಕೊಂಡಿರಲು ಅವನಿಂದಾಗಲಿಲ್ಲ.

"ಕೇಳಿದ್ಳು," ಎಂದ.

"ಯಾರು?"

"ಪೆರ್ನಿಲ. ನಿನ್ನನ್ನ ಕರ್ಕೊಂಡು ಹೋಗೋಣ ಅಂತ ಅವಳೇ ಕೇಳಿದ್ದು. ಮೇ ತಿಂಗಳಲ್ಲಿ. ನಿನಗೆ ಇಷ್ಟ ಇಲ್ಲ ಅಂತ ನಾನು ಹೇಳ್ದೆ. ನಿನ್ನ ಕೇಳದೇನೇ."

ಬ್ರೋಗೋರರು ಒಳಗೆ ಹೋಗಬಹುದಿತ್ತು, ಹೋಗಲಿಲ್ಲ. ಸಿಸೆಲ್ ಕೇಳಿದ ಪ್ರಶ್ನೆ ಅವನು ಹೆದರಿದ್ದ ಪ್ರಶ್ನೆಯೇ. "ಯಾಕೆ ಇಷ್ಟ ಇಲ್ಲವಂತೆ ನನಗೆ? ಏನಾದ್ರೂ ಹೇಳಿರಬೇಕಲ್ಲ. ಏನಂದೆ?"

"ಬಿಡು ಸಿಸೆಲ್."

"ನಾನು ಏನಂದೆ, ಹೇಳು."

"ಮೂರು ನಾಲ್ಕು ವಾರ ಪೆರ್ನಿಲ ಜೊತೆ ಇರಬೇಕು ಅಂದ್ರೆ ನಿನಗೆ ತಲೆ ಚಿಟ್ಟು ಹಿಡಿಯುತ್ತೆ ಅಂತ. ಅವಳಿಗೆ ತನ್ನ ಬಟ್ಟೆ ಬಿಟ್ಟು ಬೇರೆ ಮಾತು ಬರಲ್ಲ ಅಂತ."

"ಅಯ್ಯಯ್ಯೋ," ಎಂದಳು ದಾಗ್ನಿ.

ಅದು ಸಿಸೆಲಳ ಮಾತಾಗಿರಲಿಲ್ಲ, ಅವನದೇ ಮಾತು. ಪೆರ್ನಿಲಳ ಬಗ್ಗೆಯೂ ಆಗಿರಲಿಲ್ಲ, ವಿಗ್ಗೋನ ಬಗ್ಗೆ. ಫೋನಿನ ಆ ತುದಿಯಲ್ಲಿ ಮೌನ ಬಂದಾಗ ತುಂಬಲು ಏನೂ ಸಿಗದೆ, ಎಷ್ಟೋ ವರ್ಷದಿಂದ ಒಳಗಿದ್ದದ್ದನ್ನು ಮಗಳ ಬಾಯಿಗೆ ತುರುಕಿ ಹೇಳಿಬಿಟ್ಟಿದ್ದ. ಹೇಳಿದಾಗ ಎಷ್ಟು ಹಾಯೆನಿಸಿತ್ತು ಎಂಬುದೂ ನೆನಪಿತ್ತು. "ಯಾಕೆ ಹಾಗ್ಮಾಡ್ದೆ?" ಎಂದು ಅವಳು ಕೇಳಿದಾಗ ನಿಮ್ಮ ದೊಡ್ಡಪ್ಪ ನಿನ್ನನ್ನ 'ಪಾಪ' ಅಂದ ಎಂದು ಹೇಳಲು ಹೊರಟ, ಹೇಳಿದರೆ ಎಷ್ಟು ಸಣ್ಣದಾಗಿ ಕೇಳುತ್ತದೆಂದು ಅರಿವಾಯಿತು, ಆದರೂ ಹೇಳಿದ. "ಅಷ್ಟಕ್ಕೇನಾ?" ಎಂದಳು. "ಅಷ್ಟಕ್ಕೇ ಅಲ್ಲ. ನೀನು ಅವರ ಜೊತೆ ಹೋಗಿ ವಾಪಸ್ ಬಂದ್ರೆ ನಮ್ಮನೆ ನಿನಗೆ ಚಿಕ್ಕದಾಗಿ ಕಾಣುತ್ತೆ ಅಂತ ಹೆದರಿಕೆ ಆಯ್ತು. ನಾನೂ," ಎಂದ. ಸಿಸೆಲ್ ಎದ್ದು ಚಡ್ಡಿಗೆ ಹತ್ತಿದ ಹುಲ್ಲು ಕೊಡವಿಕೊಂಡಳು. "ನಮ್ಮನೆ ಚಿಕ್ಕದೇ ಅಪ್ಪಾ. ಮೊದಲಿಂದ್ಲೂ ಚಿಕ್ಕದೇ. ನಾನು ಯಾವತ್ತಾದ್ರೂ ಏನಾದ್ರೂ ಅಂದಿದ್ನಾ?"

ಇಲ್ಲ, ಅಂದಿರಲಿಲ್ಲ. ಅವಳು ಅವನನ್ನು ದಾಟಿ ಬ್ರೋಗೋರರ ಕಡೆ ತಿರುಗಿ, "ನಿಮ್ಮ ಫೋನಿಂದ ಒಂದು ಸಲ ಮಾತಾಡಬಹುದಾ?" ಎಂದಳು. ಬ್ರೋಗೋರರು ಬಾಗಿಲು ತೆರೆದು ನಿಂತರು, ಇಷ್ಟು ಹೊತ್ತಿನ ಮೇಲೆ ತಲುಪಿಸಬೇಕಾದ್ದು ಒಂದು ಸಿಕ್ಕಿತೆಂದು ಅವರಿಗೆ ನೆಮ್ಮದಿಯಾದಂತಿತ್ತು. ನಡುಮನೆಯ ಕಿಟಕಿ ತೆರೆದಿತ್ತು. ಹೋಟೆಲಿನವರಿಗೆ ಪೋಸ್ಟ್‌ಮಾಸ್ಟರರು ಒಂದೊಂದೇ ಅಕ್ಷರ ಬಿಡಿಸಿ ಹೆಸರು ಹೇಳುವುದು, ಆಮೇಲೆ ಕಾಯುವುದು, ಆಮೇಲೆ ಮಗಳ ದನಿ ಕೇಳಿಸಿತು. "ಪೆರ್ನಿಲ? ನಾನು. ಇಡಬೇಡ, ಇಡಬೇಡ ಕಣೇ. ಕೇಳು ಮೊದಲು. ನಾನು ಹಾಗೆ ಅಂದೇ ಇಲ್ಲ." ತೋರ್ಕಿಲ್ ಅಂಗಳದಲ್ಲಿ ನಿಂತೇ ಇದ್ದ. ದಾಗ್ನಿ ಅವನ ತಟ್ಟೆಯಲ್ಲಿ ಉಳಿದ ಕೇಕನ್ನು ವಾಪಸು ಡಬ್ಬಿಗೆ ಹಾಕಿಕೊಂಡು, ಕರವಸ್ತ್ರವನ್ನೂ ಕೇಳಿ ತೆಗೆದುಕೊಂಡು, ಎದುರುಮನೆಗೆ ಹೋಗಿ ತನ್ನ ಬಾವುಟ ಇಳಿಸತೊಡಗಿದಳು. ಒಳಗಿನಿಂದ ಒಂದು ಕಿರುಚು ಬಂತು, ಆಮೇಲೆ ನಗು. ಜುಲೈ ಶುರುವಾದ ಮೇಲೆ ಅವನು ಆ ನಗು ಕೇಳಿರಲಿಲ್ಲ. ಪಿಸುಪಿಸು ಮಾತು, ಮತ್ತೆ ನಗು. ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ಆ ಸಂತೋಷದಲ್ಲಿ ತನಗೆ ಪಾಲಿಲ್ಲವೆಂಬುದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಆಮೇಲೆ ಅವಳು ಕಿಟಕಿಗೆ ಬಂದಳು. "ಅಪ್ಪಾ, ದೊಡ್ಡಪ್ಪ ಲೈನಲ್ಲಿದ್ದಾರೆ. ನಿನ್ನ ಹತ್ರ ಮಾತಾಡ್ಬೇಕಂತೆ."

"ಏನಂತೆ?"

"ಇನ್ನೂ ಎರಡು ವಾರ ಇರ್ತಾರಲ್ಲ. ಭಾನುವಾರ ವಿಮಾನ ಇದೆ, ಹತ್ತಿಬಿಡು, ಇಲ್ಲಿ ನಾವು ಬಂದು ಕರ್ಕೊಂಡು ಹೋಗ್ತೀವಿ ಅಂದ್ರು."

"ನೀನೇನಂದೆ?"

ಸಿಸೆಲ್ ರಿಸೀವರನ್ನು ಕಿಟಕಿಯಿಂದ ಹೊರಗೆ ಚಾಚಿ ಅವನ ಕೈಗೆ ಕೊಟ್ಟಳು. "ಅವರಿಗೆ ಹೇಳಿಯಾಯ್ತು," ಎಂದಳು. ಒಳಗಿನಿಂದ ಬಾಗಿಲಿಗೆ ಬಂದಳು, ಅವನ ಪಕ್ಕದಲ್ಲೇ ಹಾದು ಬೀದಿಗಿಳಿದಳು, ಸೈಕಲ್ಲೆತ್ತಿ ತಿರುಚಿದ ಹ್ಯಾಂಡಲನ್ನು ಮೊಣಕಾಲಿನ ಮಧ್ಯೆ ಹಿಡಿದು ನೆಟ್ಟಗೆ ಮಾಡಿದಳು. ತಿರುಗಿ ನೋಡಲಿಲ್ಲ. ಕಿಟಕಿಯಿಂದ ಎಳೆದಷ್ಟೇ ಉದ್ದವಿದ್ದ ತಂತಿಯ ತುದಿಯಲ್ಲಿ ವಿಗ್ಗೋ ಹಲೋ ಹಲೋ ಎಂದು ಬಡಕೊಳ್ಳುತ್ತಿದ್ದ, ಬಾವುಟ ಏರಿಸಿದ್ಯೇನೋ ಎನ್ನುತ್ತಿದ್ದ, ಏನೋ ಇದೆಲ್ಲ ನಾನು ಕೇಳಿದ್ದು ಎನ್ನುತ್ತಿದ್ದ. ತೋರ್ಕಿಲ್ ಕಿಟಕಿಗೆ ಬಗ್ಗಿ ರಿಸೀವರನ್ನು ಕಿವಿಗಿಟ್ಟುಕೊಂಡ. ಬೀದಿಯ ತಿರುವಿನಲ್ಲಿ ಮಗಳ ಸೈಕಲ್ಲು ಮರೆಯಾಗುವವರೆಗೂ ನೋಡಿದ.

"ವಿಗ್ಗೋ," ಎಂದ. "ಸಿಸೆಲ್ ಏನಂದ್ಳೋ?"